ಮಲೇರಿಯಾ ಇನ್‌ಸ್ಪೆಕ್ಟರ ಸರಕಾರಿ ಮೀನು

ನಾಲ್ವತ್ತೆಂಟರ ಬೇಸಿಗೆಯ ಒಂದು ಬೆಳಿಗ್ಗೆ, ಆರೂ ಹತ್ತಕ್ಕೆ, ಸಿರುಗುಪ್ಪದ ನಮ್ಮ ವಠಾರದ ಬಾವಿಯಿಂದ ನೀರು ಸೇದಿ ಅರೆನಿದ್ದೆಯಲ್ಲೇ ಗಟಗಟ ಕುಡಿದೆ. ಗಂಟಲಲ್ಲಿ ಏನೋ ಬಾಲ ಬಡಿದು ಕೆಳಗಿಳಿಯಿತು. ಇಂದಿಗೂ ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಕುಡಿಯುವುದಿಲ್ಲ.

ಪಕ್ಕದ ಮನೆಯ ಮಲೇರಿಯಾ ಇನ್‌ಸ್ಪೆಕ್ಟರು ಹಿಂದಿನ ದಿನವಷ್ಟೇ ಬಳ್ಳಾರಿಯಿಂದ ಸೀಮೆಎಣ್ಣೆ ಡಬ್ಬಿಯಲ್ಲಿ ಸೊಳ್ಳೆಮರಿ ತಿನ್ನುವ ಅಮೆರಿಕದ ಮೀನು ತಂದು ಬಾವಿಗೆ ಬಿಟ್ಟಿದ್ದರು. ಮೀನಿಗೆ ಉಸಿರುಕಟ್ಟಬಾರದೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀರು ಕಲಕುತ್ತಾ ಬಂದವರು, ಮಾತನಾಡುವಾಗಲೂ ಬೆರಳುಗಳಿಂದ ಗಾಳಿಯನ್ನು ಕಲಕುತ್ತಿದ್ದರು.

ಓಡಿಹೋಗಿ ಅವರಿಗೆ ಹೇಳಿದೆ.

“ದಪ್ಪ ಇತ್ತೇನ್ರಿ ಮಾಸ್ತರ? ಹಂಗಾರ ಬಸುರಿ ಅದು. ತತ್ತಿ ಇಡಂಗಿಲ್ಲ, ಮರೀನ ಹಾಕತೈತಿ. ಬಿಸಿ ಚಾ ಕುಡೀಬ್ಯಾಡ್ರಿ ಮತ್ತ, ಸರಕಾರದ ಮೀನ!”

ನಾನು ಬಿ.ಎ. ಓದಿದವನು. ಆದರೂ ನಾಲ್ಕು ರಾತ್ರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮರಿಗಳಿಗಾಗಿ ಕಾದೆ.

ಐದನೆಯ ದಿನ ನನ್ನ ಮುಖ ನೋಡಲಾರದೆ, ಒಂದು ಮೀನು ಸತ್ತರೂ ಊಟ ಬಿಡುತ್ತಿದ್ದ ಆ ಮನುಷ್ಯ, ಡಬ್ಬಿಯಲ್ಲಿ ಉಳಿದಿದ್ದ ದಪ್ಪ ಮೀನೊಂದನ್ನು ಲೋಟಕ್ಕೆ ಹಾಕಿಕೊಂಡು ನನ್ನೆದುರೇ ನುಂಗಿಬಿಟ್ಟರು.

“ನೋಡ್ರಿ, ಏನೂ ಆಗಂಗಿಲ್ಲ. ಸರಕಾರದ ಮೀನ.”

ಅಂದು ರಾತ್ರಿಯಿಡೀ ನಿದ್ದೆ ಮಾಡಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಅವರು ಕಟ್ಟೆಯ ಮೇಲೆ ಕೆಂಗಣ್ಣು ಬಿಟ್ಟುಕೊಂಡು ಕೂತಿದ್ದರು, ಬೆರಳುಗಳು ಹೊಟ್ಟೆಯ ಮೇಲಿದ್ದವು.

“ಮಾಸ್ತರ, ನಿಮಗೂ ಹಿಂಗ ಅಡ್ಡಾಡ್ತಿತ್ತೇನ್ರಿ?”