ಅವ್ವನ ತಾಳಕ್ಕೆ ಕಟ್ಟಿದ ತಂತಿ

ವಾಕಡದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರ ಭಜನಿ ಮಂಡಳದಲ್ಲಿ ತಾಳ ಹಾಕುವವಳು ನಮ್ಮವ್ವ. ಧಾರವಾಡದವಳಾದರೂ ಮರಾಠಿ ಅಭಂಗಗಳೆಲ್ಲ ಅವಳಿಗೆ ಬಾಯಿಪಾಠ. ಈಚೆಗೆ ಮಂಡಳದ ಹಿರಿಯಾಕೆ, ಮುಂದಿನ ಏಕಾದಶಿಯಿಂದ ನೀವು ಬರೀ ಹಾಡಿರಿ, ತಾಳ ಬೇರೆಯವರು ಹಾಕಲಿ ಎಂದು ನಯವಾಗಿಯೇ ಹೇಳಿದ್ದರು. ಅವ್ವನಿಗೆ ಮೈಯೆಲ್ಲ ಉರಿದುಹೋಯಿತು.

"ಅವರ ಓಡಿಕೋತ ಹಾಡ್ತಾರ. ನನ್ನ ತಾಳ ಭಾಳ ಸರಿ ಅದ," ಎಂದಳು ಮನೆಗೆ ಬಂದು. ಅಷ್ಟೇ ಆಗಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಈಕೆ ಎಲ್ಲರೆದುರು, "ಮಾಝೀ ಮುಲಗೀ ಮೋಜೂನ ದಾಖವೇಲ," ನನ್ನ ಮಗಳು ಅಳೆದು ತೋರಿಸುತ್ತಾಳೆ ಎಂದು ಸವಾಲು ಹಾಕಿ ಬಂದಿದ್ದಳು.

ನನ್ನ ಕೆಲಸವೇ ಅಳೆಯುವುದು. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ, ಯಂತ್ರಗಳ ಸಂಕೇತಗಳನ್ನು ಕಂಪ್ಯೂಟರಿಗೆ ಮುಟ್ಟಿಸುವ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುತ್ತೇನೆ. ಆ ಬೋರ್ಡಿನಲ್ಲಿ ಕೌಂಟರುಗಳಿರುತ್ತವೆ. ಒಂದು ಸಂಕೇತಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ಅವು ದಯೆ ದಾಕ್ಷಿಣ್ಯವಿಲ್ಲದೆ ಎಣಿಸುತ್ತವೆ. ಹಳೆಯ ಬೋರ್ಡೊಂದನ್ನು ಕೇಳಿಕೊಂಡು ಮನೆಗೆ ತಂದೆ.

ಭಾನುವಾರ ಊಟವಾದ ಮೇಲೆ ಎರಡೂ ತಾಳಗಳಿಗೆ ಒಂದೊಂದು ತಂತಿ ಸಿಕ್ಕಿಸಿದೆ. ಹಿತ್ತಾಳೆಗೆ ಹಿತ್ತಾಳೆ ತಾಗಿದರೆ ಒಂದು ಸಂಕೇತ. ಅವ್ವ ಕಣ್ಣು ಮುಚ್ಚಿ ಬಾರಿಸಿದಳು. ಪರದೆಯ ಮೇಲೆ ಬಂದ ಅಂಕಿಗಳಿಗೆ ತಲೆಬುಡ ಇರಲಿಲ್ಲ. ಒಂದು ಪೆಟ್ಟು ಬಿದ್ದರೆ ಲೋಹ ಅದುರಿ ಹಲವು ಸಲ ತಾಗುತ್ತದೆ, ಕೌಂಟರು ಪ್ರತಿ ಅದುರಾಟವನ್ನೂ ಒಂದು ಪೆಟ್ಟೆಂದು ಹಿಡಿಯುತ್ತಿತ್ತು. ತಪ್ಪು ನನ್ನ ಪ್ರೋಗ್ರಾಮಿನದೆಂದು ತಿಳಿದು ಯಾವತ್ತೂ ಆಗದಷ್ಟು ಸಂತೋಷವಾಯಿತು. ಮೊದಲ ಸಲ ತಾಗಿದ ಮೇಲೆ ಸ್ವಲ್ಪ ಹೊತ್ತು ಏನನ್ನೂ ಲೆಕ್ಕಕ್ಕೆ ಹಿಡಿಯದಂತೆ ಅದನ್ನು ತಿದ್ದಿದೆ.

ಈಗ ಅಂಕಿಗಳು ಸ್ವಚ್ಛವಾಗಿ ಬಂದವು. ಕೆಲವು ಪೆಟ್ಟು ಒಂದೇ ಅಳತೆ, ಆಮೇಲೆ ಒಂದು ತಡ, ಮತ್ತೊಂದು ಇನ್ನೂ ತಡ. ತಂತಿಯನ್ನು ಪಕ್ಕದ ಕೌಂಟರಿಗೆ ಬದಲಿಸಿದೆ. ಅದೂ ಅದನ್ನೇ ಹೇಳಿತು. ಕೊನೆಗೆ ತಾಳ ಇಸಿದುಕೊಂಡು ನಾನೇ ಬಾರಿಸಿದೆ. ಹಾಡಿನ ಗಂಧಗಾಳಿ ಇಲ್ಲದ ನನ್ನ ಪೆಟ್ಟುಗಳು ಒಂದೇ ಸಮ ಬಂದವು. ಬೋರ್ಡನ್ನು ಎತ್ತಿ ಒಗೆಯಬೇಕೆನಿಸಿತು.

"ಏನ ಅಂತದ ನಿನ್ನ ಯಂತ್ರ?"

"ಅವರೇನೂ ಓಡೂದಿಲ್ಲವ್ವಾ. ನೀನ ನಡುನಡುವ ತಡಾ ಮಾಡ್ತಿ."

"ನಾನ? ಮಾಡಿದ್ರ ನನಗ ಗೊತ್ತಾಗೂದಿಲ್ಲೇನು?"

ಕೈ ನಿಧಾನವಾದರೆ ವಯಸ್ಸಾಯಿತು ಅನ್ನಬಹುದು. ತಡವಾದದ್ದು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ನನಗೆ ಹೆದರಿಕೆಯಾಯಿತು.

ಸಿಟ್ಟಾಗುತ್ತಾಳೆಂದುಕೊಂಡೆ. ಆಗಲಿಲ್ಲ. ತಂತಿಗಳನ್ನು ತಾನೇ ಬಿಚ್ಚಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು ಮತ್ತೆ ಬಾರಿಸಿದಳು. ಅಂದಿನವರೆಗೆ ಅವಳ ತಾಳದಲ್ಲಿ ನನಗೊಂದು ಕುಂದೂ ಕೇಳಿಸಿರಲಿಲ್ಲ. ಈಗ ಪ್ರತಿ ತಡವೂ ಕೇಳಿಸಿತು.

"ಈಗ ಸರಿ ಅದಲ್ಲ?"

ಅವಳು ಬಿಚ್ಚಿಟ್ಟ ತಂತಿಗಳನ್ನು ನಾನು ಸುತ್ತತೊಡಗಿದೆ.

"ತಡಿ, ಇನ್ನೊಮ್ಮೆ ಕೇಳು," ಎಂದು ಅವ್ವ ಮೊದಲಿನಿಂದ ಶುರು ಮಾಡಿದಳು.