ಮಿಂಚುಳ್ಳಿಯ ಮೂರನೆಯ ಕಥೆಗಾರ್ತಿ

ಮಕ್ಕಳ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಇವಳಿಗೆ ತನ್ನ ಭಾವನ ಬರವಣಿಗೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಪತ್ರಿಕೆಯ ಚಿತ್ರಕಥೆಯ ನಾಯಕಿ ಮಿಂಚುಳ್ಳಿ, ನೀಲಿ ರೆಕ್ಕೆ ತೊಟ್ಟು ಹಾರುವವಳು. ಅವಳನ್ನು ಹುಟ್ಟುಹಾಕಿದ ಹಳೆಯ ಕಥೆಗಾರ ಅವಳಿಂದ ಎರಡೇ ಮಾತು ಆಡಿಸಿ ಹತ್ತು ಕಳ್ಳರನ್ನು ಮಲಗಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದವನು ಇವಳ ಅಕ್ಕನ ಗಂಡ. ಅಲ್ಲಿಂದ ಮಿಂಚುಳ್ಳಿಗೆ ಒಬ್ಬ ಪ್ರಿಯಕರ ಗಂಟುಬಿದ್ದ. ವಾರವಾರವೂ ಅವಳು ಕಂಬಕ್ಕೆ ಕಟ್ಟಿಸಿಕೊಂಡು ಅಳುವುದು, ಅವನು ಬಂದು ಬಿಡಿಸುವುದು.

ಓದುಗರು ಕಡಿಮೆಯಾದರು. ಸಂಪಾದಕರು ಭಾವನನ್ನು ಕೈಬಿಟ್ಟು ಇವಳನ್ನು ಕರೆದರು. "ದಿನಾ ಗೊಣಗ್ತೀಯಲ್ಲಮ್ಮ, ಈಗ ನೀನೇ ಬರಿ."

ಇವಳ ಮೊದಲ ಕಂತಿನಲ್ಲೇ ಮಿಂಚುಳ್ಳಿ ಹಗ್ಗ ಹರಿದುಕೊಂಡು, ಪ್ರಿಯಕರನನ್ನು ಅದೇ ಕಂಬಕ್ಕೆ ಬಿಗಿದು ಹಾರಿಹೋದಳು. ಅವನ ಬಾಯಿಗೆ ಹಾಕಿದ್ದ ಮಾತು ಮಾತ್ರ ಇವಳ ಸ್ವಂತದ್ದಲ್ಲ: "ನಿನ್ನ ತಲೆಗೆ ಇದೆಲ್ಲ ಹತ್ತಲ್ಲ, ಸುಮ್ನೆ ಬಿದ್ದಿರು." ಊಟಕ್ಕೆ ಕೂತಾಗಲೆಲ್ಲ ಭಾವ ಅಕ್ಕನಿಗೆ ಹೇಳುತ್ತಿದ್ದ ಮಾತು ಅದು.

ಆ ಭಾನುವಾರ ಅಕ್ಕನ ಮನೆಗೆ ಹೋದಾಗ ಭಾವ ಪತ್ರಿಕೆಯನ್ನು ಇವಳ ಕಾಲ ಬಳಿ ಎಸೆದ.

"ನನ್ನ ಕೆಲಸ ಕಿತ್ಕೊಂಡಿದ್ದು ಸಾಲ್ದು ಅಂತ ಮಾನಾನೂ ಹರಾಜು ಹಾಕಿದ್ಯಾ?"

"ನಿಮ್ಮ ಹೆಸರು ಎಲ್ಲಾದ್ರೂ ಇದ್ಯಾ ಭಾವ? ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

ಅಕ್ಕ ನಗುತ್ತಾಳೆ ಎಂದುಕೊಂಡಿದ್ದಳು. ಅಕ್ಕ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದು ಇಬ್ಬರ ನಡುವೆ ನಿಂತಳು.

"ಬರೆಯೋ ಮುಂಚೆ ನನ್ನ ಕೇಳಿದ್ಯಾ? ಅವರು ನಾಲ್ಕು ಗೋಡೆ ಮಧ್ಯ ಅಂತಿದ್ರು, ನೀನು ಊರಿಗೆಲ್ಲ ಅಚ್ಚು ಹಾಕಿಸ್ದೆ. ಪಕ್ಕದ ಮನೆಯವಳಿಗೆ ಆ ಮಾತು ದಿನಾ ಗೋಡೆಯಾಚೆ ಕೇಳ್ಸುತ್ತೆ. ಪತ್ರಿಕೆ ಕೈಲಿ ಹಿಡ್ಕೊಂಡು ನನ್ನ ಮುಖ ನೋಡಿ ನಕ್ಕಳು."

"ನಿನ್ನ ಪರವಾಗೇ ಬರೆದಿದ್ದು ಅಕ್ಕ."

"ಕಥೇಲಿ ಅವರು ನನ್ನ ಅಳೋಳಾಗಿ ಮಾಡಿದ್ರು, ನೀನು ಒದೆಯೋಳಾಗಿ ಮಾಡ್ದೆ. ನಾನು ಎರಡೂ ಅಲ್ಲ. ಎದ್ದು ಹೋಗು."

ಇವಳು ಹೋದಳು. ಹಟಕ್ಕೆ ಬಿದ್ದವಳಂತೆ ವರ್ಷಗಟ್ಟಲೆ ಬರೆದಳು. ಮಿಂಚುಳ್ಳಿ ಕಂತಿನಿಂದ ಕಂತಿಗೆ ಒರಟಾದಳು, ಯಾರನ್ನೂ ಕ್ಷಮಿಸಲಿಲ್ಲ. ಓದುಗರಿಗೆ ಅದೇ ಬೇಕಿತ್ತು. ಭಾವ ಬೇರೊಂದು ಪತ್ರಿಕೆ ಸೇರಿ, ನಾದಿನಿಯನ್ನೇ ಹೋಲುವ ಮಾಟಗಾತಿಯೊಬ್ಬಳ ಕಥೆ ಶುರುಮಾಡಿದ. ಇವಳು ಅದನ್ನು ಒಂದು ವಾರವೂ ತಪ್ಪಿಸದೆ ಓದಿ ಹಲ್ಲು ಕಡಿಯುತ್ತಿದ್ದಳು.

ಅಮ್ಮ ಆಸ್ಪತ್ರೆ ಸೇರಿದಾಗ ಅಕ್ಕತಂಗಿಯರು ಸರದಿಯ ಮೇಲೆ ನೋಡಿಕೊಂಡರು. ಒಬ್ಬಳು ಮೆಟ್ಟಿಲು ಇಳಿದ ಮೇಲೇ ಇನ್ನೊಬ್ಬಳು ಹತ್ತುತ್ತಿದ್ದಳು.

"ಒಂದು ದಿನ ಇಬ್ರೂ ಒಟ್ಟಿಗೆ ಬನ್ರೇ," ಎಂದು ಅಮ್ಮ ಕೇಳಿದಳು.

"ಅವಳಿಗೆ ಹೇಳು," ಎಂದು ಇವಳು ಹೊದಿಕೆ ಸರಿಮಾಡಿದಳು. ಮಧ್ಯಾಹ್ನ ಬಂದ ಅಕ್ಕನೂ ಅದನ್ನೇ ಹೇಳಿದಳು.