ಹೊಟ್ಟೆ ಸೀಳದ ಧಕಾರ

ನನ್ನ ಗೆಳತಿಗೆ ಧಕಾರ ಬರೆಯಲು ಬೇಸರ. ದಕಾರ ಬರೆದಾದ ಮೇಲೆ ಕೆಳಗೆ ಅದರ ಹೊಟ್ಟೆ ಸೀಳುವ ಚಿಕ್ಕ ಗೀಟು ಎಳೆಯುವಷ್ಟು ಪುರುಸೊತ್ತು ಅವಳ ಪೆನ್ನಿಗೆ ಯಾವತ್ತೂ ಇರಲಿಲ್ಲ. 'ಅದ್ಯಾಪಕರು', 'ಸಂಶೋದನೆ', 'ಅದಿಕಾರಿಗಳು' ಎಂದು ಧೈರ್ಯವಾಗಿ ಬರೆದು ಮುಂದೆ ಹೋಗುತ್ತಿದ್ದಳು. ಬೈಲಹೊಂಗಲದ ಒಂದು ಅನುದಾನಿತ ಕಾಲೇಜಿನಲ್ಲಿ ಅವಳು ಅರ್ಥಶಾಸ್ತ್ರ ಕಲಿಸುತ್ತಿದ್ದಳು, ನಾನು ಕನ್ನಡ. ಹದಿನೇಳು ವರ್ಷ ಅವಳ ಪತ್ರ, ವರದಿ, ಭಾಷಣ ಎಲ್ಲಕ್ಕೂ ಆ ಗೀಟು ಎಳೆದವಳು ನಾನೇ.

"ಒಂದರೆ ಹೊಟ್ಟಿ ಸೀಳಕ್ಕಾ, ಪಾಪ ಏನೂ ಹತ್ತೂದಿಲ್ಲ," ಎಂದು ಕಾಡಿಸುತ್ತಿದ್ದೆ.

"ನೀ ಅದಿಯಲ್ಲ ಸೀಳಾಕ," ಅನ್ನುತ್ತಿದ್ದಳು.

ನಾವಿಬ್ಬರೂ ಸವದತ್ತಿಯಿಂದ ದಿನಾ ಬಸ್ಸಿಗೆ ಹೋಗಿ ಬರುವವರು. ಸಂಜೆ ಸ್ಟ್ಯಾಂಡಿಗೆ ಮೊದಲು ಬಂದವರು ಕಿಟಕಿಯಿಂದ ಕರ್ಚೀಫು ಎಸೆದು ಇಬ್ಬರಿಗೂ ಜಾಗ ಹಿಡಿಯಬೇಕು. ಹುಣ್ಣಿಮೆ ಹತ್ತಿರ ಬಂತೆಂದರೆ ಉಗರಗೋಳದ ಕಡೆ ದೇವಿಯ ಗುಡ್ಡಕ್ಕೆ ಹೋಗುವ ಮಂದಿ ಬುಟ್ಟಿ ಸಮೇತ ಏರಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆಗಲೂ ನಮ್ಮ ಕರ್ಚೀಫು ನಮ್ಮನ್ನು ಕಾಪಾಡುತ್ತಿತ್ತು. ಅವಳ ರೊಟ್ಟಿ ನನಗೆ, ನನ್ನ ಶೇಂಗಾಹಿಂಡಿ ಅವಳಿಗೆ. ಮೂರು ವರ್ಷ ಹಿರಿಯಳು ಅವಳು. ಕಾಲೇಜಿನಲ್ಲಿ ನಾಲ್ಕು ಮಂದಿಯ ಎದುರು 'ಮೇಡಮ್ಮಾರ' ಎಂದು ಕರೆಯುತ್ತಿದ್ದ ನನಗೆ ಬಸ್ಸು ಹತ್ತಿದ ಕೂಡಲೇ ಅವಳು 'ಅಕ್ಕಾ'.

ಅವಳು ಪ್ರಭಾರಿ ಪ್ರಾಚಾರ್ಯೆಯಾದಾಗ ಬಾಗಿಲಿನ ಫಲಕದ ಕರಡನ್ನು ಕೂಡ ನಾನೇ ತಿದ್ದಿದೆ. ಅದೇ ವರ್ಷ ಬಡ್ತಿ ಸಮಿತಿ ಬರುತ್ತದೆಂದು ಸುತ್ತೋಲೆ ಬಂತು. ಅವಳಿಗೆ ಹಿಂದಿನ ಸಲವೇ ಬಡ್ತಿ ಆಗಿತ್ತು. ಈಗ ಸಹಾಯಕ ಪ್ರಾಧ್ಯಾಪಕರಾಗಿ ಉಳಿದಿದ್ದ ನಾವು ಆರು ಮಂದಿ ಸಹ ಪ್ರಾಧ್ಯಾಪಕರಾಗಬೇಕಿತ್ತು. ನನ್ನ ನಿವೃತ್ತಿಗೆ ಐದು ವರ್ಷ ಉಳಿದಿತ್ತು. ಈ ಸಮಿತಿ ತಪ್ಪಿದರೆ ಮುಂದಿನದು ಯಾವಾಗ ಬರುತ್ತದೋ ಹೇಳುವವರಿಲ್ಲ. ಸೇರಿದ ದಿನದ ಹುದ್ದೆಯಲ್ಲೇ ಹಾರ ಹಾಕಿಸಿಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ನನಗೆ ಆ ಬಡ್ತಿ ಬೇಕಿತ್ತು. ಬೇಡವಾಗಿತ್ತೆಂದು ಈಗ ದೊಡ್ಡಸ್ತಿಕೆ ತೋರಿಸುವುದಿಲ್ಲ.

ಒಂದು ತಿಂಗಳು ಕಡತ ಕಟ್ಟಿದೆವು. ಲೇಖನಕ್ಕೆ ಇಷ್ಟು ಅಂಕ, ತರಬೇತಿಗೆ ಇಷ್ಟು ಅಂಕ. ವಿಚಾರ ಸಂಕಿರಣಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ತೂಕಡಿಸಿ, ಊಟ ಮಾಡಿ ಬಂದದ್ದಕ್ಕೂ ಪ್ರಮಾಣಪತ್ರ, ಅದಕ್ಕೂ ಅಂಕ. ಸಿರಸಂಗಿ ಕಡೆಯ ಹುಡುಗಿಯರ ಬಸ್ಸು ತಡವಾಗುತ್ತದೆಂದು ಹನ್ನೊಂದು ವರ್ಷ ನಾನು ಮೊದಲನೆಯ ತಾಸಿನ ಪಾಠವನ್ನು ಮಧ್ಯಾಹ್ನ ಮತ್ತೊಮ್ಮೆ ಮಾಡಿದ್ದೆ. ಅದನ್ನು ಬರೆಯಲು ಕಾಲಮ್ಮೇ ಇರಲಿಲ್ಲ.

ಕಡತದ ಕೊನೆಗೆ 'ಪ್ರಾಚಾರ್ಯರ ಷರಾ' ಎಂಬ ಖಾನೆ. ಅತ್ಯುತ್ತಮ, ಉತ್ತಮ, ಸಮಾಧಾನಕರ, ಈ ಮೂರರಲ್ಲಿ ಒಂದನ್ನು ಕೈಯಿಂದ ಬರೆಯಬೇಕು. ಸಮಾಧಾನಕರ ಎಂದು ಬರೆದರೆ ಕಡತ ಅಲ್ಲೇ ನಿಂತಿತು ಎಂಬುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಷರಾವನ್ನು ಅವರವರೇ ಬರೆದುಕೊಳ್ಳುವುದು, ಪ್ರಾಚಾರ್ಯರು ಕೆಳಗೆ ಸಹಿ ಹಾಕುವುದು ರೂಢಿ. ಅಕ್ಷರ ದುಂಡಗಿದೆ ಎಂದು ಐವರು ಸಹೋದ್ಯೋಗಿಗಳು ನನ್ನಿಂದಲೇ ಬರೆಸಿದರು. ಐದು ಸಲ ಅತ್ಯುತ್ತಮ ಎಂದು ಬರೆದೆ. ಅವರಲ್ಲೊಬ್ಬರು ಕ್ಲಾಸಿಗಿಂತ ಕ್ಯಾಂಟೀನಿನಲ್ಲೇ ಹೆಚ್ಚು ಸಿಗುತ್ತಿದ್ದವರು, ಅವರಿಗೂ ಬರೆದೆ. ನನ್ನ ಹಾಳೆ ಬಂದಾಗ ಮಾತ್ರ ಪೆನ್ನು ಓಡಲಿಲ್ಲ. ನನ್ನನ್ನು ನಾನೇ ಅತ್ಯುತ್ತಮ ಎಂದುಕೊಳ್ಳಲು ನಾಚಿಕೆಯಾಯಿತು.

ಖಾಲಿ ಖಾನೆಯನ್ನು ಹಾಗೇ ಒಯ್ದು ಅವಳ ಮೇಜಿನ ಮೇಲಿಟ್ಟೆ. "ನಂದು ನೀನ ಬರಿಯಕ್ಕಾ."

"ನನಗ ಬಿಡು," ಅಂದಳು. "ನಿನ್ನ ಬಗ್ಗೆ ನನಗಿಂತ ಹೆಚ್ಚು ಯಾರಿಗೆ ಗೊತ್ತೈತಿ?"

ಸಮಿತಿಯವರು ಮೂವರು ಬಂದರು. ಮೇಜಿನ ತುದಿಗೆ ಪ್ರಾಚಾರ್ಯೆಯಾಗಿ ಅವಳೂ ಕೂತಿದ್ದಳು. ನನ್ನ ಸರದಿ ಬಂದಾಗ ಹಿರಿಯರೊಬ್ಬರು ಹಾಳೆ ತಿರುವುತ್ತ ಹೋಗಿ ಕೊನೆಗೆ ನಿಂತರು. "ಮೇಡಮ್ಮಾರ, ಅಂಕ ಎಲ್ಲಾ ಬರೋಬ್ಬರಿ ಅದಾವ್ರಿ. ಆದ್ರ ನಿಮ್ಮ ಪ್ರಾಚಾರ್ಯರು ಹಿಂಗ ಬರದಾರಲ್ರಿ. ಏನರೆ ತಕರಾರು ಐತೇನ್ರಿ?" ಎಂದು ಕಡತವನ್ನು ನನ್ನ ಕಡೆ ತಿರುಗಿಸಿದರು.

'ಸಮಾದಾನಕರ' ಎಂದು ಬರೆದಿತ್ತು.

ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ. ನನಗೆ ಮೊದಲು ಕಂಡದ್ದು ಆ ಗೀಟು ಇಲ್ಲದ ದಕಾರ. ಕೈ ತಾನಾಗಿಯೇ ಬ್ಯಾಗಿನ ಪೆನ್ನಿಗೆ ಹೋಯಿತು. ಆಮೇಲೆ ಹೊಳೆಯಿತು: ಹದಿನೇಳು ವರ್ಷದಲ್ಲಿ ಅವಳು ನನಗೆ ತೋರಿಸದೆ ಮುಂದೆ ಕಳಿಸಿದ ಕಾಗದ ಇದೊಂದೇ. ತಲೆಯೆತ್ತಿ ನೋಡಿದೆ. ಅವಳು ಬಿಸ್ಕೀಟಿನ ತಟ್ಟೆಯನ್ನು ಅತ್ತಿತ್ತ ಸರಿಸುತ್ತಿದ್ದಳು.

"ತಕರಾರು ಏನಿಲ್ರಿ," ಎಂದೆ. ಐವರ ಬಡ್ತಿ ಆಯಿತು. ನನ್ನ ಕಡತದ ಮೇಲೆ 'ಮುಂದಿನ ಸಭೆಗೆ' ಎಂದು ಬರೆದರು.

ಸಮಿತಿಯ ಕಾರು ಗೇಟು ದಾಟಿದ ಮೇಲೆ ಅವಳ ಕೋಣೆಗೆ ಹೋದೆ. ಕೇಳುವ ಮೊದಲೇ ಅವಳು ಹೇಳತೊಡಗಿದಳು. "ಸಿಟ್ಟಾಗಬ್ಯಾಡ. ಆರೂ ಮಂದಿಗೆ ಅತ್ಯುತ್ತಮ ಅಂತ ಬರದ್ರ ಸಮಿತಿಯವ್ರು ನಂಬತಿದ್ದಿಲ್ಲ. ಒಬ್ಬರಿಗರೆ ಕಡಿಮಿ ಹಾಕಬೇಕಾತು. ಉಳದವ್ರು ಆಡಳಿತ ಮಂಡಳಿತನಕ ಹೋಗಿ ಒದರಾಡತಿದ್ರು. ನೀ ನಮ್ಮಾಕಿ. ನೀನಾದ್ರ ಸಮಾಧಾನ ಮಾಡ್ಕೋತಿ ಅಂತ ಗೊತ್ತಿತ್ತು."

ಬಾಯಲ್ಲಿ ಅವಳ ಧಕಾರ ಸರಿಯಾಗಿಯೇ ಇತ್ತು.

ಅವಳು ನನ್ನನ್ನು ದ್ವೇಷಿಸಿ ಬರೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಜಗಳಗಂಟರಿಗೆ ಹೆದರಿ ಅವರಿಗೆ ಅತ್ಯುತ್ತಮ ಕೊಟ್ಟಳು, ಗೆಳತಿಗೆ ಹೆದರಬೇಕಾಗಿರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತು ನನ್ನ ಶೇಂಗಾಹಿಂಡಿ ತಿನ್ನುತ್ತ, ನಾನು ಎಷ್ಟರ ಮಟ್ಟಿಗೆ ಸುಮ್ಮನಿರುತ್ತೇನೆ ಎಂಬುದನ್ನು ಇಷ್ಟು ವರ್ಷ ಅವಳು ಚೆನ್ನಾಗಿ ತಿಳಿದುಕೊಂಡಿದ್ದಳು. ನನ್ನ ಸ್ನೇಹವೇ ನನ್ನ ಕಡತವನ್ನು ತಡೆಯಿತು. ಇದಕ್ಕೆ ಮೋಸ ಎನ್ನುವುದನ್ನು ಬಿಟ್ಟು ಬೇರೆ ಹೆಸರು ನನಗೆ ಗೊತ್ತಿಲ್ಲ, ನಾನು ಕನ್ನಡ ಕಲಿಸುವವಳಾದರೂ.

ಹೊರಗೆ ಬಂದೆ. ಸ್ಟಾಫ್ ರೂಮಿನಲ್ಲಿ ಪೇಢೆ ಹಂಚುತ್ತಿದ್ದರು. ಒಂದು ನನ್ನ ಕೈಗೂ ಬಂತು, ತಿಂದೆ.

ಸಂಜೆ ಸ್ಟ್ಯಾಂಡಿಗೆ ಅವಳೇ ಮೊದಲು ಬಂದಿದ್ದಳು. ಕಿಟಕಿಯ ಪಕ್ಕ ಅವಳು, ಬದಿಗೆ ನನಗೆಂದು ಹಾಸಿದ ನೀಲಿ ಕರ್ಚೀಫು. ಹುಣ್ಣಿಮೆಯ ಮುಂಚಿನ ದಿನ, ಬಸ್ಸು ತುಂಬಿತ್ತು. ಕರ್ಚೀಫು ಎತ್ತಿ ಅವಳ ಕೈಗೆ ಕೊಟ್ಟು, ಬುಟ್ಟಿ ಹೊತ್ತು ನಿಂತಿದ್ದ ಮುದುಕಿಗೆ "ಕೂಡ್ರಿ ಯಮ್ಮಾ" ಎಂದೆ. ನಾನು ಕಂಬಿ ಹಿಡಿದು ನಿಂತೆ.

ಸ್ವಲ್ಪ ದೂರ ಹೋದ ಮೇಲೆ ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ಮುದುಕಿಯ ತಲೆಯ ಮೇಲಿಂದ ನನ್ನತ್ತ ಚಾಚಿದಳು. ಏನೂ ಆಗಿಯೇ ಇಲ್ಲವೆಂಬಂತೆ, ದಿನದ ಹಾಗೆ. "ಸಮಿತಿಗೆ ನಾಳೆ ಕಳಸಬೇಕು. ಒಂದೀಟು ನೋಡಿ ಕೊಡು."

ನಿಂತಲ್ಲೇ ಓದಿದೆ. ಮೇಲ್ಗಡೆಯೇ ದಪ್ಪಕ್ಕೆ 'ದನ್ಯವಾದಗಳು' ಎಂದು ಬರೆದಿದ್ದಳು. ಕೆಳಗೆ ಇನ್ನೂ ನಾಲ್ಕು ಕಡೆ ಗೀಟು ಬೇಕಿತ್ತು. ಪೆನ್ನು ಬ್ಯಾಗಿನಲ್ಲೇ ಇತ್ತು. ಹಾಳೆ ಮಡಚಿ ತಿರುಗಿ ಕೊಟ್ಟೆ.

"ಎಲ್ಲಾ ಸರಿ ಐತೇನು?" ಅಂದಳು.

"ಸರಿ ಐತ್ರಿ, ಮೇಡಮ್ಮಾರ," ಎಂದೆ.

ಅವಳು ತಲೆಯೆತ್ತಿ ನೋಡಿದಳು. ಬಸ್ಸಿನಲ್ಲಿ ನಾನು ಅವಳಿಗೆ 'ರಿ' ಹಚ್ಚಿ ಮಾತಾಡಿದ್ದು ಹದಿನೇಳು ವರ್ಷದಲ್ಲಿ ಅದೇ ಮೊದಲು.